ಮುಂದೆ ಯಾವ ಗೇಮ್? ಮೈಸೂರು, ಮಂಡ್ಯದ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್‌ಗಳ ಬಗ್ಗೆಯೇ. ‘ಯಾವುದು ಚೆನ್ನಾಗಿದೆ’ ಎಂದಷ್ಟೇ ಕೇಳಿದವರು ಬಹಳ ಮಂದಿ. ಚೆನ್ನಾಗಿರುವುದು ಬೇಕಾದಷ್ಟಿದೆ. ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಒಟ್ಟಿಗೆ ಸಿಗುತ್ತದೋ ತುಂಡು ತುಂಡಾಗಿಯೋ, ಅರ್ಧಕ್ಕೆ ಬಿಟ್ಟಿರುವುದು ಯಾವುದು ಎಂದು ಬರೆದವರ ಪ್ರಶ್ನೆಗಳನ್ನು ಮೊದಲು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ನನ್ನ ಹತ್ತಿರ ಇರುವುದು ನಿಂಟೆಂಡೋ ಕಂಪನಿಯ ಸ್ವಿಚ್ ಲೈಟ್, ಟಿವಿಗೆ ಹಾಕಲಾಗದ ಚಿಕ್ಕ ಗೇಮ್ ಯಂತ್ರ. ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಅರ್ಧ ಆಡಿ ಬಿಟ್ಟು ಎಷ್ಟೋ ತಿಂಗಳಾಯಿತು. ಈಗ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ತೆಗೆದುಕೊಳ್ಳಲೋ, ಬೇರೆ ಏನಾದರೂ ನೋಡಲೋ?
— ಬ್ಯಾಂಕ್ ಉದ್ಯೋಗಿ, ಮಂಡ್ಯ

ಉತ್ತರ: ‘ಟಿಯರ್ಸ್’ ಸದ್ಯಕ್ಕೆ ಬೇಡ. 2023ರ ಮೇ ತಿಂಗಳಲ್ಲಿ ಬಂದ ಆ ಗೇಮ್, ನೀವು ಅರ್ಧಕ್ಕೆ ಬಿಟ್ಟ 2017ರ ಗೇಮ್‌ನ ಮುಂದುವರಿಕೆ. ನೆಲ ಅದೇ ಹೈರೂಲ್ ರಾಜ್ಯ. ಮೇಲೆ ತೇಲುವ ದ್ವೀಪಗಳು, ಕೆಳಗೆ ಕತ್ತಲೆಯ ಪಾತಾಳ ಬೇರೆ ಸೇರಿಕೊಂಡಿವೆ. ಮೊದಲನೆಯದರಲ್ಲಿ ದಾರಿ ತಪ್ಪಿದವರು ಇದರಲ್ಲಿ ಇನ್ನೂ ಬೇಗ ತಪ್ಪುತ್ತಾರೆ. ಕತೆಯನ್ನು ಮಾತ್ರ ಹಿಡಿದು ಓಡಿಸಿದರೂ ಐವತ್ತು, ಅರವತ್ತು ಗಂಟೆ ಬೇಕು. ನಿಮ್ಮ ಮುಕ್ಕಾಲು ಗಂಟೆಯಲ್ಲಿ ಸೀಟು ಸಿಗುವ ತನಕದ ಹೊತ್ತು ಕಳೆಯಿರಿ, ನಾಗನಹಳ್ಳಿ ದಾಟಿದ ಮೇಲೆ ಬ್ಯಾಗು ಹುಡುಕುವ ಹೊತ್ತೂ ಕಳೆಯಿರಿ. ಒಂದು ಕಡೆಗೆ ಅರ್ಧ ಗಂಟೆ ಉಳಿಯುತ್ತದೆ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು. ಬೇರೇನನ್ನೂ ಮುಟ್ಟದೆ ಆಡಿದರೂ ಮೂರು ತಿಂಗಳು ಹಿಡಿಯುತ್ತದೆ.

ಮೇಲಿನ ಬಟನ್ ಒತ್ತಿ ಸ್ಲೀಪ್‌ಗೆ ಹಾಕಿದರೆ ಸ್ವಿಚ್‌ನ ಯಾವ ಗೇಮ್ ಆದರೂ ಇದ್ದಲ್ಲಿಗೇ ನಿಲ್ಲುತ್ತದೆ ಎನ್ನುವುದು ಸರಿ. ಆದರೆ ಯಾವ ಬೆಟ್ಟದ ಆಚೆಗೆ, ಯಾರನ್ನು ನೋಡಲು ಹೊರಟಿದ್ದೆ ಎನ್ನುವುದು ಸಂಜೆಯ ರೈಲು ಹತ್ತುವ ಹೊತ್ತಿಗೆ ಆಡುವವರ ತಲೆಯಿಂದ ಹೋಗಿರುತ್ತದೆ. ನಿಮಗೆ ಬೇಕಾದದ್ದು ಅರ್ಧ ಗಂಟೆಯೊಳಗೆ ಒಂದು ಸುತ್ತು ಮುಗಿಯುವ ಗೇಮ್. ಇಂಟರ್ನೆಟ್ ಕೇಳಬಾರದು, ಯಾರೋ ಭುಜಕ್ಕೆ ತಾಗಿದರೆ ಸೋಲಬಾರದು. ಅಂದರೆ ಸರದಿಯ ಆಟ.

ಮೊದಲ ಆಯ್ಕೆ ‘ಇನ್‌ಟು ದಿ ಬ್ರೀಚ್’. ಎಂಟು ಅಡ್ಡ, ಎಂಟು ಉದ್ದದ ಮನೆಗಳ ಹಾಸು, ನಿಮ್ಮ ಕಡೆ ಮೂರು ಯಂತ್ರಗಳು. ಎದುರಾಳಿ ಮುಂದಿನ ಸರದಿಯಲ್ಲಿ ಯಾರನ್ನು ಹೊಡೆಯುತ್ತಾನೆ ಎಂದು ಆಟವೇ ಮೊದಲು ತೋರಿಸಿಬಿಡುತ್ತದೆ. ಅದನ್ನು ತಪ್ಪಿಸುವುದಷ್ಟೇ ನಿಮ್ಮ ಕೆಲಸ. ಒಂದು ಕಾಳಗಕ್ಕೆ ಹೆಚ್ಚೆಂದರೆ ಹತ್ತು ನಿಮಿಷ. ಗಡಿಯಾರದ ಕಾಟ ಇಲ್ಲ, ಪಾಂಡವಪುರದಲ್ಲಿ ತಲೆ ಎತ್ತಿ ಸೀಟು ಬಿಟ್ಟುಕೊಟ್ಟು ಮತ್ತೆ ತಲೆ ಬಗ್ಗಿಸಬಹುದು. ಎರಡನೆಯದು ‘ಸ್ಲೇ ದಿ ಸ್ಪೈರ್’. ಇದು ಕಾರ್ಡುಗಳ ಆಟ, ಪೂರ್ತಿ ಸುತ್ತಿಗೆ ಒಂದು ಗಂಟೆಗೂ ಮೇಲೆ ಬೇಕು. ಆದರೆ ಪ್ರತಿ ಕೋಣೆಗೆ ಕಾಲಿಡುವಾಗ ತಾನೇ ಸೇವ್ ಆಗುವುದರಿಂದ ಬ್ಯಾಟರಿ ಹೋದರೂ ಆ ಒಂದು ಕಾಳಗ ಮಾತ್ರ ಮೊದಲಿನಿಂದ. ಮೂರನೆಯದು 2024ರ ‘ಬಲಾಟ್ರೋ’. ಪೋಕರ್ ಕೈಗಳನ್ನು ಬಳಸಿದರೂ ದುಡ್ಡು ಕಟ್ಟುವ ಆಟವಲ್ಲ. ಅಪಾಯ ಬೇರೆ: ಇಳಿಯುವ ನಿಲ್ದಾಣ ತಪ್ಪುತ್ತದೆ.

ಲೈಟ್‌ನ ಪರದೆ 5.5 ಇಂಚು, ಸ್ವಿಚ್‌ಗಳಲ್ಲೆಲ್ಲ ಚಿಕ್ಕದು. ಅಕ್ಷರ ಸಣ್ಣದಾಗಿ ಕಂಡರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜೂಮ್ ಆನ್ ಮಾಡಿ, ಹೋಮ್ ಬಟನ್ ಎರಡು ಸಲ ಒತ್ತಿದರೆ ಪರದೆ ಹಿಗ್ಗುತ್ತದೆ. ಆಗಾಗ ಓದಲು ಸಾಕು, ಇಡೀ ಆಟವನ್ನು ಹಾಗೇ ಆಡಲಾಗದು. ಹಾಗಾಗಿ ‘ಫೈರ್ ಎಂಬ್ಲೆಮ್: ತ್ರೀ ಹೌಸಸ್’ನಂಥ ಓದೇ ಓದು ಇರುವ ಗೇಮ್ ಲೈಟ್‌ಗೆ ಹೇಳಿದ್ದಲ್ಲ.

ಬಿಟ್ಟಿರುವ ಜೆಲ್ಡಾವನ್ನು ಮೊದಲಿನಿಂದ ಶುರುಮಾಡಬೇಡಿ. ಭಾನುವಾರ ಅರ್ಧ ಗಂಟೆ ಕುಳಿತು ಮೈನಸ್ ಬಟನ್ ಒತ್ತಿ, ಅಡ್ವೆಂಚರ್ ಲಾಗ್ ತೆರೆದು ಮುಖ್ಯ ಕೆಲಸ ಒಂದನ್ನೇ ಗುರುತು ಹಾಕಿಕೊಳ್ಳಿ. ಆಮೇಲೆ ರೈಲಿನಲ್ಲಿ ಒಂದು ಪ್ರಯಾಣಕ್ಕೆ ಒಂದೇ ಶ್ರೈನ್, ಅಂದರೆ ಒಗಟು ಬಿಡಿಸುವ ಪುಟ್ಟ ಗುಡಿ. ಅವು ಒಟ್ಟು 120 ಇವೆ, ಒಂದೊಂದಕ್ಕೆ ಹತ್ತು ಹದಿನೈದು ನಿಮಿಷ. ನಾಲ್ಕು ಮುಗಿದಾಗ ಒಂದು ಹೃದಯವೋ ಒಂದಿಷ್ಟು ಸ್ಟ್ಯಾಮಿನಾವೋ ಸಿಗುತ್ತದೆ. ಎರಡು ವಾರದಲ್ಲಿ ಕೈಗೆ ಬಟನ್‌ಗಳ ನೆನಪು ಮರಳುತ್ತದೆ. ಮರಳದಿದ್ದರೆ ಆ ಗೇಮ್ ಕಾರ್ಡ್ ಮಾರಿಬಿಡಿ, ನಿಂಟೆಂಡೋದ ಸ್ವಂತ ಗೇಮ್‌ಗಳಿಗೆ ಹಳತಾದರೂ ಬೆಲೆ ಇರುತ್ತದೆ.

ಪ್ರಶ್ನೆ: ಮಕ್ಕಳಿಬ್ಬರು, ಏಳು ವರ್ಷದವಳು, ಹನ್ನೊಂದು ವರ್ಷದವನು. ಕನ್ನಡ ಮಾಧ್ಯಮ. ಮನೆಯಲ್ಲಿರುವುದು ಒಂದೇ ಸ್ವಿಚ್, ಟಿವಿಗೆ ಹಾಕುವ ಮಾದರಿ. ರಜೆಗೆ ಒಂದೇ ಗೇಮ್ ಕೊಡಿಸುವುದು ಎಂದು ಹೇಳಿದ್ದೇನೆ. ಇಬ್ಬರೂ ಜಗಳವಿಲ್ಲದೆ ಆಡಬೇಕು. ಅನಿಮಲ್ ಕ್ರಾಸಿಂಗ್ ಒಳ್ಳೆಯದು ಎನ್ನುತ್ತಾರೆ, ನಿಜವೇ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಗೇಮ್ ಒಳ್ಳೆಯದೇ, ನಿಮ್ಮ ಮನೆಗಲ್ಲ. ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ನಲ್ಲಿ ಒಂದು ಯಂತ್ರಕ್ಕೆ ಒಂದೇ ದ್ವೀಪ. ಎಷ್ಟು ಜನ ಆಡಿದರೂ ಅದೇ ದ್ವೀಪ. ಮೊದಲು ಆಡಲು ಕೂತವರೇ ಅಲ್ಲಿನ ಯಜಮಾನರು. ಅಂಗಡಿ, ಸೇತುವೆ ಎಲ್ಲಿ ಬರಬೇಕು ಎನ್ನುವುದು ಅವರ ಕೈಯಲ್ಲಿ, ಎರಡನೆಯವರು ಬರಿ ನಿವಾಸಿ. ಅಣ್ಣ ಮೊದಲು ಕೂತರೆ ತಂಗಿಯ ಅಳು ಖಾತ್ರಿ. ಸಾಲದ್ದಕ್ಕೆ ಪ್ರಾಣಿಗಳು ಆಡುವ ಇಂಗ್ಲಿಷ್ ಮಾತು ಓದದೆ ಹೆಜ್ಜೆ ಮುಂದಿಡಲಾಗದು.

ನಿಮಗೆ ‘ಮಾರಿಯೋ ಕಾರ್ಟ್ 8 ಡಿಲಕ್ಸ್’. ಯಂತ್ರದ ಜೊತೆಗೆ ಬಂದ ಜಾಯ್-ಕಾನ್, ಅಂದರೆ ಎರಡು ಬದಿಯ ಕಂಟ್ರೋಲರ್‌, ಎರಡನ್ನೂ ಕಳಚಿ ಅಡ್ಡ ಹಿಡಿದರೆ ಇಬ್ಬರಿಗೂ ಒಂದೊಂದಾಯಿತು, ಬೇರೇನೂ ಕೊಳ್ಳಬೇಕಿಲ್ಲ. ಗಾಡಿ ಆರಿಸುವ ಪರದೆಯಲ್ಲಿ ಪ್ಲಸ್ ಬಟನ್ ಒತ್ತಿದರೆ ಸಣ್ಣ ಚಿತ್ರಗಳ ಪಟ್ಟಿ ತೆರೆಯುತ್ತದೆ. ಮಗಳಿಗೆ ಸ್ಮಾರ್ಟ್ ಸ್ಟಿಯರಿಂಗ್, ತಾನೇ ಓಡುವ ಆಕ್ಸಿಲರೇಟರ್ ಎರಡನ್ನೂ ಆನ್ ಮಾಡಿ. ಗಾಡಿ ದಾರಿ ಬಿಟ್ಟು ಬೀಳುವುದಿಲ್ಲ, ತಿರುಗಿಸಿದರೆ ಸಾಕು. ಮಗನಿಗೆ ಅದೇ ಸ್ಟಿಯರಿಂಗ್ ಆಫ್ ಮಾಡಲೇಬೇಕು. ಆನ್ ಇದ್ದರೆ ಕೆಲವು ಕಿರುದಾರಿಗಳಿಗೆ ಹೋಗಲು ಬಿಡುವುದಿಲ್ಲ, ತಿರುವಿನಲ್ಲಿ ಜಾರಿಸಿ ಪಡೆಯುವ ದೊಡ್ಡ ವೇಗವೂ ಸಿಗುವುದಿಲ್ಲ. ಅವನು ‘ಕಂಟ್ರೋಲರ್ ಕೆಟ್ಟಿದೆ’ ಎಂದು ದೂರು ಹೇಳಿದರೆ ಮೊದಲು ನೋಡಬೇಕಾದದ್ದು ಇದು. ಸ್ಟಿಯರಿಂಗ್ ಆನ್ ಇದ್ದರೆ ಗಾಡಿಯ ಹಿಂದೆ ಸಣ್ಣ ಆಂಟೆನಾ ಕಾಣುತ್ತದೆ. ಮೂಲ ಗೇಮ್‌ನಲ್ಲಿ 48 ದಾರಿಗಳಿವೆ, ಇನ್ನೂ 48 ಬೇಕಿದ್ದರೆ ಬೂಸ್ಟರ್ ಕೋರ್ಸ್ ಪಾಸ್ ಎಂದು ಬೇರೆ ಮಾರುತ್ತಾರೆ. ಈ ರಜೆಗೆ ಅದು ಬೇಡ.

ಓಟದ ಆಟ ಬೇಡವೆಂದರೆ ‘ಕರ್ಬಿ ಆಂಡ್ ದಿ ಫರ್ಗಾಟನ್ ಲ್ಯಾಂಡ್’. ಸುಲಭದ ಸ್ಪ್ರಿಂಗ್-ಬ್ರೀಜ್ ಮೋಡ್ ಇದೆ, ಇಬ್ಬರೂ ಒಟ್ಟಿಗೆ ಆಡಬಹುದು. ಮೂರನೆಯ ಆಯ್ಕೆ ‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’. ಅದರಲ್ಲಿ ಮಗಳಿಗೆ ಯೋಶಿಯನ್ನೋ ನ್ಯಾಬಿಟ್‌ನನ್ನೋ ಕೊಡಿ. ಶತ್ರು ತಾಗಿದರೂ ಏನೂ ಆಗದು, ಹಳ್ಳಕ್ಕೆ ಬಿದ್ದರೆ ಮಾತ್ರ ಜೀವ ಹೋಗುತ್ತದೆ. ಒಂದು ತೊಡಕು: ಕಿರೀಟ ಯಾರ ತಲೆಯ ಮೇಲಿದೆಯೋ ಕ್ಯಾಮೆರಾ ಅವರ ಹಿಂದೆಯೇ ಓಡುತ್ತದೆ. ಕಿರೀಟಕ್ಕಾಗಿ ನಡೆಯುವ ಕದನಕ್ಕೆ ನೀವೇ ಪಂಚಾಯ್ತಿ ಮಾಡಬೇಕು.

ಕನ್ನಡದ ಮೆನು ಇವು ಯಾವುದರಲ್ಲೂ ಇಲ್ಲ, ಈ ಮೂರಕ್ಕೆ ಅದರ ಅಗತ್ಯವೂ ಹೆಚ್ಚಿಲ್ಲ. ಮಗನಿಗೆ ಇಂಗ್ಲಿಷ್ ಓದುವ ಆಸೆ ಹುಟ್ಟಿಸಬೇಕು ಎಂದಾದರೆ ಮುಂದಿನ ವರ್ಷ ‘ಪೋಕೆಮಾನ್ ಸ್ಕಾರ್ಲೆಟ್’ ಅಥವಾ ‘ವಯೊಲೆಟ್’ ಕೊಡಿಸಿ. ಎ ಬಟನ್ ಒತ್ತುವ ತನಕ ಮಾತು ಕಾಯುತ್ತದೆ, ನಿಧಾನಕ್ಕೆ ಓದಬಹುದು. ಎರಡರಲ್ಲಿ ಒಂದು ಸಾಕು. ಕತೆ ಬಹುಪಾಲು ಒಂದೇ, ಸಿಗುವ ಕೆಲವು ಪೋಕೆಮಾನ್‌ಗಳಷ್ಟೇ ಬೇರೆ. ಒಬ್ಬ ಬಳಕೆದಾರರಿಗೆ ಒಂದೇ ಸೇವ್ ಇರುವುದರಿಂದ ಮಕ್ಕಳಿಬ್ಬರಿಗೂ ಬೇರೆ ಬೇರೆ ಪ್ರೊಫೈಲ್ ಮಾಡಿ. ಶುರುವಿನಲ್ಲಿ ಕೇಳುವ ಭಾಷೆಯನ್ನು ಎಚ್ಚರದಿಂದ ಆರಿಸಿ, ಆ ಸೇವ್‌ನಲ್ಲಿ ಮತ್ತೆ ಬದಲಾಯಿಸಲಾಗದು.

ಚಿಕ್ಕವಳು ಗೇಮ್ ಕಾರ್ಡ್ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರೆ ಗಾಬರಿ ಬೇಡ. ಮಕ್ಕಳು ನುಂಗದಿರಲೆಂದು ಕಂಪನಿಯೇ ಕಾರ್ಡಿಗೆ ಕಹಿ ಲೇಪ ಹಚ್ಚಿರುತ್ತದೆ.

ಪ್ರಶ್ನೆ: ಸ್ವಾಮಿ, ಸೆಕೆಂಡ್ ಹ್ಯಾಂಡ್ ಸ್ವಿಚ್ ಒಂದು ಬಂದಿದೆ. ‘ಮೂವತ್ತು ಗೇಮ್ ತುಂಬಿಸಿ ಕೊಡ್ತೀನಿ’ ಅಂತಾರೆ. ತಗೋಬಹುದಾ? ಏನೇನು ನೋಡಬೇಕು?
— ಕಾಲೇಜು ವಿದ್ಯಾರ್ಥಿ, ಕೆ.ಆರ್. ಪೇಟೆ

ಉತ್ತರ: ಆ ಮೂವತ್ತು ಗೇಮ್‌ಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಹಣ ಕೊಟ್ಟು ಡೌನ್‌ಲೋಡ್ ಮಾಡಿದ್ದಾದರೆ ಅವು ಮಾರುವವರ ಅಕೌಂಟ್‌ಗೆ ಸೇರಿದವು, ಅಕೌಂಟ್ ತೆಗೆದ ದಿನ ತೆರೆಯುವುದಿಲ್ಲ. ಹ್ಯಾಕ್ ಮಾಡಿ ತುಂಬಿದ್ದಾದರೆ ಯಂತ್ರವನ್ನು ನಿಂಟೆಂಡೋ ಆನ್‌ಲೈನ್‌ನಿಂದ ಹೊರಗೆ ಹಾಕಿರುವ ಸಂಭವ ಹೆಚ್ಚು. ಪರೀಕ್ಷೆ ಸುಲಭ. ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ನಿಂಟೆಂಡೋದ ಆನ್‌ಲೈನ್ ಅಂಗಡಿ ಇ-ಶಾಪ್ ತೆರೆಯಿರಿ. 2124-4007 ಎಂಬ ದೋಷಸಂಖ್ಯೆ ಬಂದರೆ ಯಂತ್ರ ನಿಷೇಧಕ್ಕೊಳಗಾಗಿದೆ. ರೀಸೆಟ್ ಮಾಡಿದರೂ ಅಕೌಂಟ್ ಬದಲಿಸಿದರೂ ಅದು ಹೋಗದು.

ಮುಂದಿನದು ಮಾದರಿ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಎಚ್‌ಎಸಿ-001 ಎಂದಷ್ಟೇ ಇದ್ದರೆ 2017ರ ಮೊದಲ ಮಾದರಿ, ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ. ಅದರ ಮುಂದೆ ಆವರಣದೊಳಗೆ -01 ಎಂದಿದ್ದರೆ 2019ರ ಸುಧಾರಿತ ಮಾದರಿ, ನಾಲ್ಕೂವರೆಯಿಂದ ಒಂಬತ್ತು ಗಂಟೆ. ಬ್ಯಾಟರಿ ಎರಡರಲ್ಲೂ 4310 ಎಂಎಎಚ್‌ನದೇ, ಎರಡನೆಯದರ ಚಿಪ್ ಕಡಿಮೆ ಕರೆಂಟ್ ಎಳೆಯುತ್ತದೆ ಅಷ್ಟೆ. ಹಳೆಯದಕ್ಕೆ ಹೊಸದರ ಬೆಲೆ ಕೇಳಿದರೆ ಈ ಅಂಕಿಗಳನ್ನು ತೋರಿಸಿ ಚೌಕಾಸಿ ಮಾಡಿ.

ಕಡ್ಡಿಗಳಿಗೆ, ಅಂದರೆ ಅನಲಾಗ್ ಸ್ಟಿಕ್‌ಗಳಿಗೆ, ಐದು ನಿಮಿಷ ಕೊಡಿ. ಸಿಸ್ಟಮ್ ಸೆಟ್ಟಿಂಗ್ಸ್, ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್, ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್. ಸ್ಟಿಕ್ ಒತ್ತಿದರೆ ಪರೀಕ್ಷೆಯ ಪರದೆ ಬರುತ್ತದೆ. ಪೂರ್ತಿ ಸುತ್ತು ತಿರುಗಿಸಿ ಬೆರಳು ತೆಗೆಯಿರಿ. ಗುರುತು ನಡುವಿಗೆ ಬಂದು ನಿಲ್ಲಬೇಕು. ತಾನಾಗಿ ಒಂದು ಕಡೆಗೆ ಹರಿಯುತ್ತಿದ್ದರೆ ಡ್ರಿಫ್ಟ್. ಒಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ಸಣ್ಣ ನಾಲಿಗೆ ಉಜ್ಜುತ್ತ ಉಜ್ಜುತ್ತ ಪಟ್ಟಿ ಸವೆಯುವುದೇ ಇದರ ಮೂಲ. ಕ್ಯಾಲಿಬ್ರೇಷನ್‌ನಿಂದ ಕೆಲವು ದಿನ ಸರಿಹೋದಂತೆ ಕಾಣುತ್ತದೆ, ಸವೆದದ್ದು ಸವೆದದ್ದೇ. ಸಾದಾ ಸ್ವಿಚ್‌ನಲ್ಲಿ ಜಾಯ್-ಕಾನ್ ಮಾತ್ರ ಬಿಚ್ಚಿ ಸ್ಟಿಕ್ ಬದಲಿಸಬಹುದು. ಮೂರು ಮೂಲೆಯ ಟ್ರೈ-ವಿಂಗ್ ಸ್ಕ್ರೂಡ್ರೈವರ್, ಸಣ್ಣ ಫಿಲಿಪ್ಸ್, ಒಂದು ಚಿಮಟ ಸಾಕು. ಕೆಡುವುದು ಎಲ್ಲಿ ಎಂದರೆ, ರಿಬ್ಬನ್ ಕೇಬಲ್ ಹಿಡಿದ ಪುಟ್ಟ ಕ್ಲಿಪ್ಪನ್ನು ಎತ್ತದೆ ಕೇಬಲ್ ಎಳೆದುಬಿಡುತ್ತಾರೆ. ಉಜ್ಜಾಟವೇ ಇಲ್ಲದ, ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಸಿಕ್ಕರೆ ಅದನ್ನೇ ಹಾಕಿಸಿ. ಲೈಟ್‌ನಲ್ಲಿ ಇಡೀ ಯಂತ್ರ ಬಿಚ್ಚಬೇಕು. ಹಾಗಾಗಿ ಡ್ರಿಫ್ಟ್ ಇರುವ ಲೈಟ್‌ಗೆ ಕೂಲಿಯನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ.

ಸ್ನೇಹಿತರಿಂದ ಒಂದು ಗೇಮ್ ಕಾರ್ಡ್ ಎರವಲು ತಂದು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ. ಡಾಕ್‌ಗೆ, ಅಂದರೆ ಟಿವಿಗೆ ಜೋಡಿಸುವ ಪೀಠಕ್ಕೆ, ಇಟ್ಟು ಟಿವಿಯಲ್ಲಿ ಚಿತ್ರ ಬರುತ್ತದೆಯೇ ನೋಡಿ. ಇದಕ್ಕೆ ಮೂಲ ಅಡಾಪ್ಟರ್ ಬೇಕು, ಅದು 15 ವೋಲ್ಟ್, 2.6 ಆಂಪ್ ಕೊಡುತ್ತದೆ. 5 ವೋಲ್ಟ್ ಕೊಡುವ ಸಾದಾ ಮೊಬೈಲ್ ಚಾರ್ಜರ್ ಬ್ಯಾಟರಿ ತುಂಬಿಸುತ್ತದೆ, ಟಿವಿಗೆ ಚಿತ್ರ ಕಳಿಸುವುದಿಲ್ಲ. ಅದನ್ನು ನೋಡಿ ‘ಡಾಕ್ ಕೆಟ್ಟಿದೆ’ ಎಂದುಕೊಂಡವರಿದ್ದಾರೆ. ಅಮೆರಿಕದ್ದೋ ಜಪಾನಿನದೋ ಅಡಾಪ್ಟರ್ ಆದರೂ 100ರಿಂದ 240 ವೋಲ್ಟ್ ತಡೆಯುತ್ತದೆ. ಪಿನ್ ಮಾತ್ರ ಚಪ್ಪಟೆ, ಗಟ್ಟಿಯಾಗಿ ಕೂರುವ ಕನ್ವರ್ಟರ್ ಹಾಕಿ.

ಕೊನೆಗೆ, ದುಡ್ಡು ಕೊಡುವ ಮುನ್ನ ಮಾರುವವರ ಕೈಯಿಂದಲೇ ಸಿಸ್ಟಮ್, ಫಾರ್ಮ್ಯಾಟಿಂಗ್ ಆಪ್ಷನ್ಸ್, ಇನಿಷಿಯಲೈಸ್ ಕನ್ಸೋಲ್ ಮಾಡಿಸಿ. ಹಾಗೆ ಮಾಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ.

ಪ್ರಶ್ನೆ: ಕಾರ್ಡ್ ಕೊಳ್ಳುವುದೋ ಡೌನ್‌ಲೋಡ್ ಮಾಡುವುದೋ? ಸ್ವಿಚ್ 2 ತೆಗೆದುಕೊಳ್ಳುವ ಯೋಚನೆಯೂ ಇದೆ.
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಒಂದು ಸಲ ಆಡಿ ಮುಗಿಸುವ ಗೇಮ್ ಕಾರ್ಡಿನಲ್ಲಿ, ದಿನಾ ಹತ್ತು ನಿಮಿಷ ಆಡುವ ಗೇಮ್ ಡೌನ್‌ಲೋಡಿನಲ್ಲಿ. ಮುಗಿದ ಕಾರ್ಡ್ ಮಾರಬಹುದು, ಡೌನ್‌ಲೋಡ್ ಮಾರಲಾಗದು. ನಿಂಟೆಂಡೋ ಭಾರತದಲ್ಲಿ ಇ-ಶಾಪ್ ತೆರೆದಿಲ್ಲ. ಡೌನ್‌ಲೋಡ್ ಬೇಕೆಂದರೆ ಅಕೌಂಟ್‌ನಲ್ಲಿ ಬೇರೆ ದೇಶ ಆರಿಸಿ, ಆ ದೇಶದ್ದೇ ಗಿಫ್ಟ್ ಕಾರ್ಡ್ ಹಾಕಬೇಕು. ಅಮೆರಿಕದ ಅಕೌಂಟ್‌ಗೆ ಯುರೋಪಿನ ಗಿಫ್ಟ್ ಕಾರ್ಡ್ ಹೊಂದದು. ಗೇಮ್ ಕಾರ್ಡ್‌ಗೆ ಈ ದೇಶದ ಗೋಡೆ ಇಲ್ಲ, ಚೀನಾದ್ದನ್ನು ಬಿಟ್ಟರೆ ಎಲ್ಲಿಯದನ್ನು ಹಾಕಿದರೂ ಓಡುತ್ತದೆ. ಜಪಾನಿನಿಂದ ತರಿಸಿದ ಬೇರೆ ಕಂಪನಿಗಳ ಕಾರ್ಡ್‌ನಲ್ಲಿ ಮಾತ್ರ ಬರಿ ಜಪಾನಿ ಭಾಷೆ ಇರಬಹುದು, ಡಬ್ಬಿಯ ಹಿಂದೆ ಭಾಷೆಗಳ ಪಟ್ಟಿ ನೋಡಿ.

2025ರ ಜೂನ್ 5ರಂದು ಬಂದ ಸ್ವಿಚ್ 2ಕ್ಕೆ ಎರಡು ಎಚ್ಚರಿಕೆ. ಡಬ್ಬಿಯ ಮುಂದೆ ಬೀಗದ ಕೈ ಚಿತ್ರವಿದ್ದರೆ ಅದು ಗೇಮ್-ಕೀ ಕಾರ್ಡ್. ಅದರೊಳಗೆ ಗೇಮ್ ಇಲ್ಲ, ಪೂರ್ತಿ ಡೌನ್‌ಲೋಡ್ ಆಗಬೇಕು. ಆಮೇಲೂ ಆಡುವಾಗ ಕಾರ್ಡ್ ಹಾಕಿರಲೇಬೇಕು. ಎರಡೂ ಕಡೆಯ ಅನಾನುಕೂಲ ಒಂದೇ ಡಬ್ಬಿಯಲ್ಲಿ, ಮಾರಬಹುದು ಎನ್ನುವುದಷ್ಟೇ ಲಾಭ. ಇನ್ನೊಂದು ಮೆಮೊರಿ: ಒಳಗೆ 256 ಜಿಬಿ ಇದೆ. ಹೆಚ್ಚು ಬೇಕೆಂದರೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಜಾತಿಯ ಕಾರ್ಡೇ ಆಗಬೇಕು. ಹಳೆಯ ಸ್ವಿಚ್‌ನ ಸಾದಾ ಮೈಕ್ರೋಎಸ್‌ಡಿಯಿಂದ ಹಳೆಯ ಚಿತ್ರ, ವಿಡಿಯೋ ತೆಗೆದುಕೊಳ್ಳಬಹುದು, ಗೇಮ್ ಇಡಲಾಗದು.

ಹಳೆಯ ಸ್ವಿಚ್‌ಗೆ ಯುಎಚ್‌ಎಸ್-1 ದರ್ಜೆಯ 128 ಜಿಬಿ ಮೈಕ್ರೋಎಸ್‌ಡಿ ಬಹಳ ಜನಕ್ಕೆ ಸಾಕು, ‘ಟಿಯರ್ಸ್’ನಂಥ ದೊಡ್ಡದೇ 16 ಜಿಬಿ ಆಸುಪಾಸು. ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ಆ ಮೆಮೊರಿ ಕಾರ್ಡ್ ನಕಲಿ. 512 ಎಂದು ತೋರಿಸಿ 32 ತುಂಬಿದ ಮೇಲೆ ಹಳೆಯದರ ಮೇಲೆ ಬರೆಯುತ್ತ ಹೋಗುತ್ತದೆ, ಗೇಮ್ ಹಾಳಾಗಿದೆ ಎಂಬ ಸಂದೇಶ ವಾರಗಳ ಮೇಲೆ ಬರುತ್ತದೆ. ಕೊಂಡ ದಿನವೇ ಕಂಪ್ಯೂಟರಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಆಟದ ಸೇವ್‌ಗಳು ಇರುವುದು ಯಂತ್ರದ ಒಳಮೆಮೊರಿಯಲ್ಲಿ. ಗೇಮ್ ಕಾರ್ಡ್ ಮಾರಿದರೂ ನಿಮ್ಮ ಸೇವ್ ಉಳಿಯುತ್ತದೆ, ಯಂತ್ರ ಮಾರಿದರೆ ಹೋಗುತ್ತದೆ.

ಪ್ರಶ್ನೆ: ಕಂಪ್ಯೂಟರ್ ಗೇಮ್‌ಗಳನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರ ಸ್ಟೀಮ್ ಡೆಕ್‌ನ ಎಲ್‌ಸಿಡಿ ಮಾದರಿ ತರಿಸಿಕೊಂಡಿದ್ದೇನೆ. ಲ್ಯಾಪ್‌ಟಾಪ್ ಕಾಲದಿಂದ ಕೊಂಡ ಗೇಮ್‌ಗಳು ರಾಶಿ ಬಿದ್ದಿವೆ: ಹೇಡಿಸ್, ಹಾಲೋ ನೈಟ್, ವಿಚರ್ 3, ಸಿವಿಲೈಸೇಷನ್ 6, ಡಿಸ್ಕೋ ಎಲಿಸಿಯಂ. ಯಾವುದರಿಂದ ಶುರು? ಬ್ಯಾಟರಿಯೂ ಎರಡು ಗಂಟೆಗೆ ಮುಗಿಯುತ್ತಿದೆ.
— ಎಂಜಿನಿಯರ್, ಹೂಟಗಳ್ಳಿ, ಮೈಸೂರು

ಉತ್ತರ: ಬ್ಯಾಟರಿ ಮೊದಲು. ನಿಮ್ಮದರ ಬ್ಯಾಟರಿ 40 ವ್ಯಾಟ್-ಅವರ್. ಚಿಪ್ ಒಂದೇ 15 ವ್ಯಾಟ್ ಎಳೆದು, ಪರದೆ, ಫ್ಯಾನ್, ವೈಫೈ ಸೇರಿ ಇಪ್ಪತ್ತರ ಮೇಲೆ ಹೋದರೆ ಎರಡು ಗಂಟೆಯೂ ಬರದು. ಬಲಗಡೆ ಮೂರು ಚುಕ್ಕೆಯ ಬಟನ್ ಒತ್ತಿ, ಬ್ಯಾಟರಿ ಚಿತ್ರದ ಪುಟಕ್ಕೆ ಹೋಗಿ, ಫ್ರೇಮ್ ಮಿತಿ, ಅಂದರೆ ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ, 40ಕ್ಕೆ ಇಳಿಸಿ. 60ಕ್ಕೂ 40ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ, ಉಳಿತಾಯ ದೊಡ್ಡದು. ಹಾಲೋ ನೈಟ್‌ನಂಥ ಹಗುರ ಗೇಮ್‌ಗೆ ಟಿಡಿಪಿ ಮಿತಿಯನ್ನು, ಅಂದರೆ ಚಿಪ್ ಎಳೆಯುವ ವಿದ್ಯುತ್ತಿನ ಮಿತಿಯನ್ನು, 5 ವ್ಯಾಟ್‌ಗೆ ಇಳಿಸಿ ನೋಡಿ. ಆಟ ತಡವರಿಸಿದರೆ ಒಂದೊಂದೇ ವ್ಯಾಟ್ ಏರಿಸಿ, ಎಲ್ಲಿ ತಡವರಿಕೆ ನಿಲ್ಲುತ್ತದೋ ಅಲ್ಲಿಗೆ ಬಿಡಿ. ಒಟ್ಟು ಎಳೆತ 10 ವ್ಯಾಟ್‌ಗೆ ಬಂದರೆ ನಾಲ್ಕು ಗಂಟೆ. ಪ್ರತಿ ಗೇಮ್‌ಗೂ ಬೇರೆ ಪ್ರೊಫೈಲ್ ಉಳಿಸುವ ಆಯ್ಕೆ ಅದೇ ಪುಟದಲ್ಲಿದೆ. ಅದನ್ನು ಹಾಕದಿದ್ದರೆ 5 ವ್ಯಾಟ್‌ನಲ್ಲೇ ವಿಚರ್ ತೆರೆದು ‘ಡೆಕ್ ನಿಧಾನ’ ಎಂದು ಬೈಯುವ ಪರಿಸ್ಥಿತಿ ಬರುತ್ತದೆ.

ಆಟಗಳಲ್ಲಿ ‘ಹೇಡಿಸ್’ ಮೊದಲು. ಒಂದು ಪ್ರಯತ್ನಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷ, ಸೋತರೂ ಕತೆ ಮುಂದೆ ಸಾಗುತ್ತದೆ. ಎರಡನೆಯದು ‘ಹಾಲೋ ನೈಟ್’, ಮುಂದಿನ ಭಾಗ ‘ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರಿನಲ್ಲಿ ಬಂದಿದೆ, ಆದರೆ ಮೊದಲನೆಯದು ಮುಗಿಸದೆ ಅದನ್ನು ಮುಟ್ಟಬೇಡಿ, ಅದು ಇನ್ನೂ ಕಠಿಣ. ‘ಡಿಸ್ಕೋ ಎಲಿಸಿಯಂ’ ಹಾಸಿಗೆಯಲ್ಲಿ ಒರಗಿ ಓದುವಂಥದ್ದು, ಬೆರಳಿಗೆ ಕೆಲಸವೇ ಇಲ್ಲ. ‘ವಿಚರ್ 3’ ಚಾರ್ಜರ್ ಹಾಕಿಕೊಂಡು, 30 ಫ್ರೇಮ್‌ಗೆ ಕಟ್ಟಿ. ‘ಸಿವಿಲೈಸೇಷನ್ 6’ ಲ್ಯಾಪ್‌ಟಾಪಿನಲ್ಲೇ ಇರಲಿ. ಏಳು ಇಂಚಿನಲ್ಲಿ ಆ ಅಕ್ಷರಗಳಿಗೆ ಭೂತಗನ್ನಡಿ ಬೇಕು, ಆಟ ಬೆಳೆದಂತೆ ಪ್ರತಿ ಸರದಿಗೂ ಕಾಯಬೇಕು.

ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹೊಸ ಗೇಮ್ ಕೊಳ್ಳುವಾಗ ಡೆಕ್ ಗುರುತು ನೋಡಿ. ಹಸಿರು ‘ವೆರಿಫೈಡ್’ ಎಂದರೆ ಹಾಗೇ ಓಡುತ್ತದೆ. ಹಳದಿ ‘ಪ್ಲೇಯಬಲ್’ ಎಂದರೆ ಓಡುತ್ತದೆ, ಆದರೆ ಸಣ್ಣಕ್ಷರವೋ ಮೌಸ್ ಬೇಡುವ ಕಿಟಕಿಯೋ ಇದ್ದೀತು. ಫೋರ್ಟ್‌ನೈಟ್, ವ್ಯಾಲರಂಟ್‌ಗಳ ವಂಚನೆ-ತಡೆ ತಂತ್ರಾಂಶ ಡೆಕ್‌ನ ಸ್ಟೀಮ್‌ಓಎಸ್‌ನಲ್ಲಿ ಓಡದು, ಅವುಗಳ ಆಸೆ ಬಿಡಿ. ಹಿಡಿಸದ ಗೇಮ್ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಹಾಗಾಗಿ ಹೊಸ ಗೇಮ್‌ನ ಮೊದಲ ಒಂದೂವರೆ ಗಂಟೆಯಲ್ಲೇ ಅಕ್ಷರ, ಬಿಸಿ, ಬ್ಯಾಟರಿ ಮೂರನ್ನೂ ನೋಡಿ ತೀರ್ಮಾನಿಸಿ. ಊರಿಗೆ ಹೊರಡುವ ಮುನ್ನ ಮನೆಯ ವೈಫೈನಲ್ಲಿ ಆ ಗೇಮ್ ಒಮ್ಮೆ ತೆರೆದು ಮುಚ್ಚಿ. ಅಪ್‌ಡೇಟ್ ಬಾಕಿಯಿದ್ದರೆ ದಾರಿಯಲ್ಲಿ ತೆರೆಯುವುದೇ ಇಲ್ಲ.

ಪ್ರಶ್ನೆ: ಅಟ್ಟದಲ್ಲಿ ಸೋನಿ ಕಂಪನಿಯ ಹಳೆಯ ಗೇಮ್ ಯಂತ್ರ ಪಿಎಸ್‌ಪಿ 3000 ಸಿಕ್ಕಿತು. ಹಿಂದಿನ ಮುಚ್ಚಳ ಉಬ್ಬಿದೆ. ಸರಿಮಾಡಿಸಿ ಆಡಬಹುದೇ? ಯಾವ ಗೇಮ್ ಹುಡುಕಲಿ?
— ಓದುಗರು, ಮದ್ದೂರು

ಉತ್ತರ: ಉಬ್ಬಿರುವುದು ಬ್ಯಾಟರಿ. ಚಾರ್ಜ್‌ಗೆ ಹಾಕಬೇಡಿ, ಚುಚ್ಚಬೇಡಿ, ಮುಚ್ಚಳ ಒತ್ತಿ ಕೂರಿಸಬೇಡಿ. ಕೈಯಿಂದ ಮೆಲ್ಲಗೆ ತೆಗೆದು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ, ಮನೆಯ ಕಸಕ್ಕೆ ಹಾಕಬಾರದು. ಬ್ಯಾಟರಿ ಇಲ್ಲದೆಯೂ 5 ವೋಲ್ಟ್ ಅಡಾಪ್ಟರ್‌ನಲ್ಲಿ ಪಿಎಸ್‌ಪಿ ಓಡುತ್ತದೆ, ಮೊದಲು ಹಾಗೆ ನೋಡಿ. ಓಡಿದರೆ ಮಾತ್ರ ಹೊಸ ಬ್ಯಾಟರಿಗೆ ದುಡ್ಡು ಹಾಕಿ. 2000, 3000 ಮಾದರಿಗೆ 1200 ಎಂಎಎಚ್‌ನ ತೆಳುವಾದದ್ದು ಬೇಕು. 1000 ಮಾದರಿಯ 1800 ಎಂಎಎಚ್‌ನದು ದಪ್ಪ, ನಿಮ್ಮ ಮುಚ್ಚಳ ಮುಚ್ಚುವುದಿಲ್ಲ. ಸೇವ್ ಮಾಡಲು ಮೆಮೊರಿ ಸ್ಟಿಕ್ ಪ್ರೊ ಡ್ಯುವೊ ಎಂಬ ಸೋನಿಯ ಮೆಮೊರಿ ಕಾರ್ಡ್ ಇಲ್ಲದಿದ್ದರೆ ಮೈಕ್ರೋಎಸ್‌ಡಿ ಹಾಕುವ ಅಡಾಪ್ಟರ್ ಸಿಗುತ್ತದೆ, ಪಿಎಸ್‌ಪಿಯ ಸೆಟ್ಟಿಂಗ್ಸ್‌ನಲ್ಲೇ ಫಾರ್ಮ್ಯಾಟ್ ಮಾಡಿ.

ಗೇಮ್‌ಗಳ ಯುಎಂಡಿ ತಟ್ಟೆಗೆ ದೇಶದ ನಿರ್ಬಂಧ ಇಲ್ಲ. ‘ಲುಮಿನೆಸ್’, ‘ಲೋಕೋರೋಕೋ’, ‘ಪಟಪಾನ್’ ಮೂರೂ ಈಗಲೂ ಹಳತೆನಿಸವು. ಪಟಪಾನ್ ತಾಳಕ್ಕೆ ಸರಿಯಾಗಿ ಬಟನ್ ಬಾರಿಸುವ ಯುದ್ಧ, ತಮಟೆ ಕೇಳಿ ಬೆಳೆದ ಊರಿನವರಿಗೆ ಬೇಗ ಹತ್ತುತ್ತದೆ. ತಟ್ಟೆಯ ಪಾರದರ್ಶಕ ಮುಖ ಅಂಟು ಬಿಟ್ಟಿದ್ದರೆ ಓದುವಾಗ ಕರಕರ ಸದ್ದು ಬರುತ್ತದೆ, ಅಂಥದ್ದನ್ನು ಕೊಳ್ಳಬೇಡಿ.

ಪ್ರಶ್ನೆ: ನಿಂಟೆಂಡೋದ ಹಳೆಯ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ ‘ಪೋಕೆಮಾನ್ ಎಮರಾಲ್ಡ್’ ಕಾರ್ಟ್ರಿಜ್ ಕೊಂಡೆ. ಹಾಕಿದ ಕೂಡಲೇ ಒಳಗಿನ ಬ್ಯಾಟರಿ ಖಾಲಿ ಎಂದು ಬರುತ್ತದೆ. ಮೋಸವೇ?
— ವಿದ್ಯಾರ್ಥಿ, ಮಂಡ್ಯ

ಉತ್ತರ: ಅಷ್ಟರಿಂದಲೇ ಮೋಸ ಎನ್ನಲಾಗದು. 2005ರ ಸುಮಾರಿನ ಅಸಲಿ ಕಾರ್ಟ್ರಿಜ್‌ನ ಸಿಆರ್1616 ಬಟನ್ ಸೆಲ್ ಇಷ್ಟು ಹೊತ್ತಿಗೆ ಸಾಯಲೇಬೇಕು. ಆಟ ಸೇವ್ ಆಗುತ್ತದೆ. ಹಣ್ಣಿನ ಗಿಡ ಬೆಳೆಯುವಂಥ, ಗಡಿಯಾರಕ್ಕೆ ಅಂಟಿದ ಘಟನೆಗಳು ಮಾತ್ರ ನಿಂತಿರುತ್ತವೆ. ಖಚಿತವಾಗಬೇಕೆಂದರೆ ಲೇಬಲ್ ಅನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಅಸಲಿಯಲ್ಲಿ ಅಚ್ಚೊತ್ತಿದ ಸಣ್ಣ ಅಂಕಿಗಳು ಕಾಣುತ್ತವೆ. ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲ್ಗಡೆ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ಸೆಲ್ ಬದಲಿಸಲು ಲೋಹದ ಕಾಲು ಬೆಸೆದ ಸೆಲ್ ಕೊಂಡು ಮೊಬೈಲ್ ರಿಪೇರಿಯವರಿಂದ ಬೆಸುಗೆ ಹಾಕಿಸಿ. ಸಾದಾ ಸೆಲ್‌ಗೆ ನೇರ ಕಾವಿಯ ಕಾವು ಕೊಟ್ಟರೆ ಅದು ಸಿಡಿಯಬಹುದು. ಇದಕ್ಕಿಂತ ಹಿಂದಿನ ಪೋಕೆಮಾನ್ ‘ಗೋಲ್ಡ್’, ‘ಸಿಲ್ವರ್’ಗಳಲ್ಲಿ ಸೇವ್ ಕೂಡ ಸಿಆರ್2025 ಸೆಲ್ಲಿನ ಮೇಲೇ ನಿಂತಿದೆ. ಅವುಗಳಲ್ಲಿ ಸೆಲ್ ತೆಗೆದರೆ ಸೇವ್ ಹೋಯಿತೆಂದೇ ತಿಳಿಯಿರಿ.

ಪ್ರಶ್ನೆ: ಜಾತ್ರೆಯಲ್ಲಿ ‘400 ಗೇಮ್’ ಇರುವ ಪುಟ್ಟ ಪೆಟ್ಟಿಗೆ ಮಾರುತ್ತಾರಲ್ಲ, ಅದು ಕೊಳ್ಳಬಹುದೇ?
— ಓದುಗರು, ಪಾಂಡವಪುರ

ಉತ್ತರ: ಆಟಿಕೆಯ ಬೆಲೆಗೆ ಸಿಕ್ಕರೆ ಆಟಿಕೆಯಂತೆ ಕೊಳ್ಳಿ. ಎಂಬತ್ತರ ದಶಕದ ಟಿವಿ ಗೇಮ್‌ಗಳೇ ಹೆಸರು ಬದಲಿಸಿಕೊಂಡು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ, ಯಾವುವೂ ಲೈಸೆನ್ಸ್ ಪಡೆದವಲ್ಲ. ಸಾಮಾನ್ಯವಾಗಿ ಸೇವ್ ಇರುವುದಿಲ್ಲ. ಒಳಗೆ ಹೆಚ್ಚಾಗಿ ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಅಳತೆಯ ಬ್ಯಾಟರಿ ಇರುತ್ತದೆ, ಅದು ಹೋದರೆ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ ಎನ್ನುವುದು ಅನುಕೂಲ. ವೇಗದ ಚಾರ್ಜರ್ ಹಾಕಬೇಡಿ.

ಪ್ರಶ್ನೆ: ನಮ್ಮ ಕಡೆಯ ಕತೆ ಇರುವ ಗೇಮ್ ಸ್ವಿಚ್‌ನಲ್ಲಿ ಯಾವುದಾದರೂ ಇದೆಯೇ?
— ಶಿಕ್ಷಕಿ, ಶ್ರೀರಂಗಪಟ್ಟಣ

ಉತ್ತರ: ಎರಡಿವೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ: ಆನ್ ಏನ್ಷಿಯಂಟ್ ಎಪಿಕ್’. ತಮ್ಮನನ್ನು ಹುಡುಕುತ್ತ ಹೊರಟ ಹುಡುಗಿ, ಅಸುರರು, ಕೋಟೆಗಳು. ಐದಾರು ಗಂಟೆಯ ಆಟ, ನೋಟ ಸೊಗಸು, ಹೊಡೆದಾಟದ ಹಿಡಿತ ಸ್ವಲ್ಪ ಸಡಿಲ. ಇನ್ನೊಂದು 2023ರ ‘ವೆಂಬಾ’. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆ. ಹರಿದುಹೋದ ಅಡುಗೆ ಪುಸ್ತಕದಿಂದ ಇಡ್ಲಿ, ಪುಟ್ಟು ಮಾಡುವ ಕ್ರಮವನ್ನು ನೀವೇ ಊಹಿಸಬೇಕು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು ಎಂಬಲ್ಲಿ ವಿದೇಶಿ ಆಟಗಾರರು ತಡವರಿಸಿದರೆ ನೀವು ಹಾಗೇ ದಾಟಿಬಿಡುತ್ತೀರಿ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಆದ್ದರಿಂದ ಪೂರ್ತಿ ಬೆಲೆಗೆ ಬೇಡ, ರಿಯಾಯಿತಿ ಬಂದಾಗ ಕೊಳ್ಳಿ. ಇಂಥ ಸಣ್ಣ ತಂಡಗಳ ಗೇಮ್‌ಗಳ ಬೆಲೆ ಆಗಾಗ ಇಳಿಯುತ್ತಲೇ ಇರುತ್ತದೆ. ಇಳಿಯಲೆಂದು ಕಾದು ಪ್ರಯೋಜನವಿಲ್ಲದ್ದು ನಿಂಟೆಂಡೋದ ಮಾರಿಯೋ, ಜೆಲ್ಡಾಗಳಿಗೆ.